ಸಹಾಯ ಬೇಕು: ಮೈಲುತುತ್ತದ ಐದನೇ ನೀರು ಕೊನೇಲಿ ಯಾಕೆ ಹೋಗುತ್ತೆ?

ನಮಸ್ಕಾರ, ಕೆಮಿಸ್ಟ್ರಿ ಗೊತ್ತಿರೋರು ದಯವಿಟ್ಟು ಹೇಳಿ. ಎಂಎಸ್ಸಿ ಪ್ರಾಜೆಕ್ಟಿಗೆ ಕಾಪರ್ ಸಲ್ಫೇಟ್ ಕಾಯಿಸ್ತಿದೀನಿ, ಅದೇ ಅಡಿಕೆ ತೋಟಕ್ಕೆ ಸುಣ್ಣದ ಜೊತೆ ಕಲಸಿ ಹೊಡೆಯೋ ಮೈಲುತುತ್ತ. ಇದರ ಹರಳಲ್ಲಿ ಒಂದೊಂದು ತಾಮ್ರಕ್ಕೆ ಐದೈದು ನೀರಿನ ಅಣು ಇರುತ್ತೆ. ನಿಧಾನಕ್ಕೆ ಬಿಸಿ ಮಾಡಿದ್ರೆ 63 ಡಿಗ್ರಿ ಹತ್ರ ಎರಡು ನೀರು, 109ರ ಹತ್ರ ಇನ್ನೆರಡು, 200ರ ಹೊತ್ತಿಗೆ ಕೊನೇದೂ ಹೋಗಿ ನೀಲಿ ಹರಳು ಬಿಳಿ ಪುಡಿ ಆಗುತ್ತೆ, ತೂಕಾನೂ ಲೆಕ್ಕದ ಪ್ರಕಾರ 36% ಇಳೀತು. ಅಲ್ಲಿವರೆಗೆ ಓಕೆ. ಆದ್ರೆ ಹರಳಲ್ಲಿ ತಾಮ್ರಕ್ಕೆ ನೇರ ಅಂಟಿರೋದು ನಾಲ್ಕೇ ನೀರು, ಮೇಲೆ ಕೆಳಗೆ ಸ್ವಲ್ಪ ದೂರದಲ್ಲಿ ಸಲ್ಫೇಟಿನ ಆಕ್ಸಿಜನ್, ಐದನೇ ನೀರು ಬರೀ ಹೈಡ್ರೋಜನ್ ಬಾಂಡ್ (ಅಣುಗಳ ನಡುವಿನ ದುರ್ಬಲ ಸೆಳೆತ) ಹಿಡ್ಕೊಂಡು ನಿಂತಿರೋದು, ಹಾಗಿದ್ಮೇಲೆ ಅದೇ ಮೊದ್ಲು ಹೋಗ್ಬೇಕಲ್ವಾ? ಇಲ್ಲಾ ಬಿಸಿಗೆ ರಚನೆನೇ ಬದಲಾಗಿ ಉಳಿದ ನೀರು ತಾಮ್ರಕ್ಕೆ ಅಂಟ್ಕೊಳುತ್ತಾ? ಎರಡು ವಾರದಿಂದ ಇದೇ ತಲೇಲಿ ಕೂತಿದೆ, ಹರಳಿನ ರಚನೆ ತೋರಿಸೋ ಎಕ್ಸ್‌ರೇ ಡೇಟಾ ನೋಡಿರೋರು ಯಾರಾದ್ರೂ ಬಿಡಿಸಿ ಹೇಳ್ತೀರಾ ಪ್ಲೀಸ್.