ಮನೆಯ ಕಟ್ಟಿಗೆ ಕೊಯ್ಯಲು ಎಷ್ಟು ದೊಡ್ಡ ಚೈನ್ ಸಾ ಬೇಕು?

ಪ್ರಶ್ನೆ (ಕಾರ್ಕಳದಿಂದ):
ನಮಸ್ಕಾರ ಅಣ್ಣ. ನಮ್ಮದು ಎರಡು ಎಕರೆ ಅಡಿಕೆ ತೋಟ, ಅದರ ಮೇಲೆ ಒಂದಿಷ್ಟು ಗೇರು ಗುಡ್ಡೆ. ಬಚ್ಚಲಿನ ಹಂಡೆಗೂ ಕುಚ್ಚಲಕ್ಕಿ ಬೇಯಿಸುವ ಒಲೆಗೂ ವರ್ಷವಿಡೀ ಕಟ್ಟಿಗೆಯೇ. ಇಷ್ಟು ವರ್ಷ ಮರ ಕೊಯ್ಯುವವರನ್ನು ಕರೆಸುತ್ತಿದ್ದೆವು, ಈಗ ಬೇಕಾದ ದಿನಕ್ಕೆ ಯಾರೂ ಸಿಗುವುದಿಲ್ಲ. ಕಳೆದ ಮಳೆಗಾಲದಲ್ಲಿ ಬಿದ್ದ ಎರಡು ಗೇರು ಮರ, ಒಂದು ಅಕೇಶಿಯಾ ಇನ್ನೂ ಹಾಗೆಯೇ ಇವೆ. ಆನ್‌ಲೈನ್‌ನಲ್ಲಿ 58 ಸಿಸಿ, 22 ಇಂಚು ಬಾರಿನ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ಯಂತ್ರ ಅಗ್ಗಕ್ಕೆ ಕಾಣುತ್ತಿದೆ. ಅಂಗಡಿಯಲ್ಲಿ 45 ಸಿಸಿಯ ಕಂಪನಿ ಯಂತ್ರಕ್ಕೆ ಅದರ ಹಲವು ಪಟ್ಟು ಬೆಲೆ. ದೊಡ್ಡದೇ ಅಗ್ಗಕ್ಕೆ ಸಿಗುವಾಗ ಚಿಕ್ಕದಕ್ಕೆ ಹೆಚ್ಚು ಕೊಡುವುದೇಕೆ? ಓಡಿಸುವವರು ನಾನು ಮತ್ತು ಅಪ್ಪ. ಅಪ್ಪನಿಗೆ 62.

ಉತ್ತರ (ತೋಟದ ಯಂತ್ರಗಳ ರಿಪೇರಿ, ಉಡುಪಿ):
ನಮಸ್ಕಾರ. ಹಿಡಿಯುವ ಕೈಯನ್ನು ನೋಡಿ ಯಂತ್ರ ಆರಿಸಬೇಕು, ಮರದ ಲೆಕ್ಕ ಆಮೇಲೆ. ಅಪ್ಪನಿಗೆ 62 ಎಂದು ನೀವೇ ಬರೆದದ್ದು ಒಳ್ಳೆಯದಾಯಿತು.

58 ಸಿಸಿ, 22 ಇಂಚು ಬೇಡ. 40ರಿಂದ 45 ಸಿಸಿ, 16 ಇಂಚಿನ ಬಾರ್ ನಿಮಗೆ ಧಾರಾಳ ಸಾಕು. ಬಚ್ಚಲಿನ ಒಲೆಗೆ ಹೋಗುವ ಕಟ್ಟಿಗೆಯಲ್ಲಿ ಒಂದಡಿಗಿಂತ ದಪ್ಪದ್ದು ಎಷ್ಟಿರುತ್ತದೆ? ಗೇರಿನ ಬುಡ ಬಿಟ್ಟರೆ ಉಳಿದದ್ದೆಲ್ಲ ತೊಡೆ ಗಾತ್ರದ್ದು, ತೋಳಿನ ಗಾತ್ರದ್ದು. ಬುಡ ಎರಡಡಿ ಇದ್ದರೂ ಒಂದು ಬದಿಯಿಂದ ಅರ್ಧ ಕೊಯ್ದು, ದಿಮ್ಮಿ ಉರುಳಿಸಿ ಇನ್ನೊಂದು ಬದಿಯಿಂದ ಉಳಿದದ್ದನ್ನು ಕೊಯ್ಯಬಹುದು. ಈ ಗಾತ್ರದಲ್ಲಿ ನಮ್ಮ ಕಡೆ ಹೆಚ್ಚು ಓಡಾಡುವುದು ಸ್ಟಿಲ್ ಎಂಎಸ್ 250 (45.4 ಸಿಸಿ), ಹಸ್ಕ್ವರ್ನಾ 445 (45.7 ಸಿಸಿ) ಮೊದಲಾದವು. ಎಂಎಸ್ 250ರ ತೂಕ 4.6 ಕಿಲೋ, ಅದೂ ಬಾರ್, ಚೈನ್, ಪೆಟ್ರೋಲ್ ಇಲ್ಲದೆ. ಅವೆಲ್ಲ ಸೇರಿದ ಮೇಲೆ ಎಷ್ಟಾಗುತ್ತದೆ ಎಂಬುದನ್ನು ಅಪ್ಪನ ಕೈಗೇ ಕೊಟ್ಟು ನೋಡಿ. ಕೊಂಬೆ, ರೆಂಬೆಯೇ ಹೆಚ್ಚು ಎನ್ನುವವರಿಗೆ 32 ಸಿಸಿಯ ಚಿಕ್ಕ ಯಂತ್ರವೂ ಸಾಕು. ಗೇರಿನ ಬುಡ, ಅಕೇಶಿಯಾ ಇರುವುದರಿಂದ ನಿಮಗೆ ನಡುವಿನದನ್ನು ಹೇಳುತ್ತಿದ್ದೇನೆ.

22 ಇಂಚಿನ ಬಾರಿನಲ್ಲಿ ಭಾರವೆಲ್ಲ ಮುಂದಕ್ಕೆ ಎಳೆಯುತ್ತದೆ. ಹತ್ತು ನಿಮಿಷಕ್ಕೆ ಸೊಂಟ ಬಾಗುತ್ತದೆ, ತುದಿ ನೆಲಕ್ಕೆ ತಗಲುತ್ತದೆ. ಹರಿತ ಮಾಡುವ ಹಲ್ಲುಗಳೂ ಹೆಚ್ಚು: 0.325 ಇಂಚು ಅಳತೆಯ (ಕೊಂಡಿಗಳ ಅಂತರದ ಲೆಕ್ಕ) ಚೈನಿನಲ್ಲಿ 16 ಇಂಚಿಗೆ ಸುಮಾರು 33 ಹಲ್ಲಿದ್ದರೆ 22 ಇಂಚಿಗೆ ಸುಮಾರು 43. ಇನ್ನು ಆ 58 ಸಿಸಿಯ ವಿಷಯ. ಅಂತಹ ಒಂದು ಯಂತ್ರ ರಿಪೇರಿಗೆ ಬಂದಾಗ ಬಿಚ್ಚಿ ಅಳೆದೆ. ಸಿಲಿಂಡರಿನ ವ್ಯಾಸ 45 ಮಿಲಿಮೀಟರ್, ಪಿಸ್ಟನ್ ಓಡಾಟ 34 ಮಿಲಿಮೀಟರ್. ಲೆಕ್ಕ ಹಾಕಿದರೆ 54 ಸಿಸಿ. ನಾಲ್ಕು ಸಿಸಿ ಕಡಿಮೆಯಾದದ್ದು ದೊಡ್ಡ ನಷ್ಟವಲ್ಲ. ಆದರೆ ಪೆಟ್ಟಿಗೆಯ ಮೇಲೆಯೇ ಸುಳ್ಳು ಬರೆದವರು ಒಳಗಿನ ಬೇರಿಂಗಿಗೆ, ಆಯಿಲ್ ಪಂಪಿಗೆ ಎಷ್ಟು ನಿಯತ್ತು ತೋರಿಸಿಯಾರು? ಆ ಯಂತ್ರದ ಪಂಪಿನ ಗೇರಿನ ಹಲ್ಲು ಸವೆದು ಬಾರಿಗೆ ಎಣ್ಣೆಯೇ ಹೋಗುತ್ತಿರಲಿಲ್ಲ. ಬಾರ್ ನೀಲಿ ಬಣ್ಣಕ್ಕೆ ತಿರುಗಿತ್ತು. ಹೊಂದುವ ಪಂಪ್ ಹುಡುಕಿ ಹುಡುಕಿ ಮೂರು ವಾರವಾಯಿತು.

ಅಂಗಡಿಯಲ್ಲಿ ಕೇಳಬೇಕಾದದ್ದು ಇದನ್ನೇ: ಈ ಯಂತ್ರದ ಚೈನ್, ಬಾರ್, ಸ್ಪ್ರಾಕೆಟ್ (ಚೈನ್ ತಿರುಗಿಸುವ ಹಲ್ಲುಚಕ್ರ), ಏರ್ ಫಿಲ್ಟರ್ ಕಾರ್ಕಳದಲ್ಲೋ ಉಡುಪಿಯಲ್ಲೋ ಇವತ್ತೇ ಸಿಗುತ್ತದೆಯೇ? ಸಿಗದಿದ್ದರೆ ಎಂತಹ ಯಂತ್ರವಾದರೂ ಬೇಡ.

ಇನ್ನೊಂದು ಮಾತು. ಬಿದ್ದ ಮೂರು ಮರ ಮುಗಿದ ಮೇಲೆ ವರ್ಷಕ್ಕೆ ಎರಡು ದಿನದ ಕೆಲಸವಷ್ಟೇ ಉಳಿಯುವುದಾದರೆ ಕೊಳ್ಳಲೇಬೇಡಿ. ಯಂತ್ರ ಸಮೇತ ಬಂದು ಗಂಟೆಯ ಲೆಕ್ಕದಲ್ಲಿ ಕೊಯ್ದು ಕೊಡುವವರಿಗೆ ಒಂದು ತಿಂಗಳು ಮೊದಲೇ ಹೇಳಿಡಿ. ಓಡಿಸದೆ ಮೂಲೆಯಲ್ಲಿಟ್ಟ ಯಂತ್ರ ಓಡಿದ ಯಂತ್ರಕ್ಕಿಂತ ಬೇಗ ಕೆಡುತ್ತದೆ.

ಪ್ರಶ್ನೆ (ಬ್ರಹ್ಮಾವರದಿಂದ):
ಮನೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರವಿದೆ. ಅದರ ಪೆಟ್ರೋಲನ್ನೇ ಚೈನ್ ಸಾಗೂ ಹಾಕಬಹುದೇ?

ಉತ್ತರ:
ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ. ಕೇಳದೆ ಹಾಕಿದವರ ಯಂತ್ರಗಳು ನನ್ನಲ್ಲಿಗೆ ಬರುತ್ತವೆ.

ಹುಲ್ಲಿನ ಯಂತ್ರದಲ್ಲಿ ಎರಡು ಬಗೆ. ಟು ಸ್ಟ್ರೋಕ್ ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸುತ್ತೀರಿ. ಫೋರ್ ಸ್ಟ್ರೋಕ್ ಆದರೆ ಆಯಿಲ್ ಎಂಜಿನ್ನಿನ ಕೆಳಗೆ ಬೇರೆಯಾಗಿ ಇರುತ್ತದೆ, ಟ್ಯಾಂಕಿಗೆ ಬರೀ ಪೆಟ್ರೋಲ್. ಚೈನ್ ಸಾ ಟು ಸ್ಟ್ರೋಕ್. ಅದಕ್ಕೆ ಬರೀ ಪೆಟ್ರೋಲ್ ಬಿದ್ದರೆ ಪಿಸ್ಟನ್ನಿಗೆ ಎಣ್ಣೆಯ ಪಸೆಯೇ ಇರುವುದಿಲ್ಲ. ಮೊದಲು ಜೋರಾಗಿ ಓಡುತ್ತದೆ, ಆಮೇಲೆ ಶಬ್ದ ಕುಗ್ಗುತ್ತದೆ, ಆಮೇಲೆ ಹಗ್ಗ ಎಳೆದರೆ ಬರುವುದೇ ಇಲ್ಲ. ಸೈಲೆನ್ಸರ್ ಬಿಚ್ಚಿ ಆ ಕಿಂಡಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಪಿಸ್ಟನ್ನಿನ ಮೈಮೇಲೆ ಮೇಲಿಂದ ಕೆಳಗೆ ಬೆಕ್ಕು ಪರಚಿದ ಹಾಗೆ ಗೀರುಗಳು. ಹೋದ ಬೇಸಗೆಯಲ್ಲಿ ಒಬ್ಬರು ಹೊಸ ಯಂತ್ರವನ್ನು ಹೀಗೆ ತಂದರು. ಅಂಗಳದಲ್ಲಿ ಒಂದೇ ಬಣ್ಣದ ಎರಡು ಕ್ಯಾನ್ ಇದ್ದವಂತೆ. ಸಿಲಿಂಡರ್, ಪಿಸ್ಟನ್ ಎರಡೂ ಬದಲಿಸಬೇಕಾಯಿತು. ಮಿಶ್ರಣದ ಕ್ಯಾನಿಗೆ ಒಂದು ಕೆಂಪು ಬಟ್ಟೆಯ ತುಂಡನ್ನಾದರೂ ಕಟ್ಟಿಡಿ.

ಪ್ರಮಾಣ ಯಂತ್ರದ ಪುಸ್ತಕದಲ್ಲಿ ಬರೆದಂತೆಯೇ ಇರಲಿ. 50ಕ್ಕೆ 1 ಎಂದರೆ ಲೀಟರಿಗೆ 20 ಮಿಲಿಲೀಟರ್, 25ಕ್ಕೆ 1 ಎಂದರೆ 40. ಬಾಟಲಿಯ ಮುಚ್ಚಳದ ಅಂದಾಜು ಬೇಡ, ಔಷಧದ ಸಿರಿಂಜಿನಿಂದ ಅಳೆಯಿರಿ.

ಬಂಕಿನ ಪೆಟ್ರೋಲಿನಲ್ಲಿ ಈಗ ಶೇಕಡ 20ರಷ್ಟು ಎಥನಾಲ್ ಇದೆ. ಅದು ಗಾಳಿಯ ತೇವವನ್ನು ಹೀರುತ್ತದೆ, ನಮ್ಮ ಕರಾವಳಿಯ ಗಾಳಿಯಲ್ಲಿ ತೇವಕ್ಕೇನು ಕಡಿಮೆ? ನೀರು ಹೆಚ್ಚಾದಾಗ ನೀರು, ಎಥನಾಲ್ ಎರಡೂ ಕೂಡಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಣ್ಣೆ ಮೇಲಿನ ಪೆಟ್ರೋಲಿನಲ್ಲಿ ಉಳಿಯುತ್ತದೆ. ಯಂತ್ರ ಹೀರುವುದು ತಳದಿಂದ. ಆದ್ದರಿಂದ ಎರಡು ವಾರಕ್ಕೆ ಬೇಕಾದಷ್ಟೇ ಬೆರೆಸಿ. ಮಳೆಗಾಲಕ್ಕೆ ಒಳಗಿಡುವ ಮುನ್ನ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ.

ಪ್ರಶ್ನೆ (ಕುಂದಾಪುರದಿಂದ):
ಬಾರಿಗೆ ಬೈಕಿನ ಹಳೆಯ ಎಂಜಿನ್ ಆಯಿಲ್ ಹಾಕುತ್ತೇವೆ. ಪಕ್ಕದ ಮನೆಯವರು ತೆಂಗಿನ ಎಣ್ಣೆ ಹಾಕುತ್ತಾರೆ. ಯಾವುದು ಸರಿ?

ಉತ್ತರ:
ಎರಡೂ ಬೇಡ. ಸುಟ್ಟ ಆಯಿಲಿನಲ್ಲಿ ಲೋಹದ ಪುಡಿ ಇರುತ್ತದೆ, ಅದು ಪಂಪನ್ನು ತಿನ್ನುತ್ತದೆ, ಚೈನಿನಿಂದ ಸಿಡಿದು ನಿಮ್ಮ ಮೈಗೂ ತೋಟದ ಮಣ್ಣಿಗೂ ಸೇರುತ್ತದೆ. ತೆಂಗಿನ ಎಣ್ಣೆ ತೆಳು, ಓಡುವ ಚೈನಿಗೆ ಅಂಟಿ ನಿಲ್ಲುವುದಿಲ್ಲ. 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಡಿಸೆಂಬರಿನ ಬೆಳಿಗ್ಗೆ ಪಂಪಿನೊಳಗೇ ಗಟ್ಟಿಯಾದೀತು. ಚೈನ್ ಆಯಿಲ್ ಎಂದೇ ಸಿಗುತ್ತದೆ, ಅದನ್ನೇ ಹಾಕಿ. ಎಣ್ಣೆ ಬರುತ್ತಿದೆಯೇ ಎಂದು ನೋಡಲು ಬಾರಿನ ತುದಿಯನ್ನು ಒಂದು ರಟ್ಟಿನ ಎದುರು ಗೇಣು ದೂರದಲ್ಲಿ ಹಿಡಿದು ಯಂತ್ರದ ವೇಗ ಏರಿಸಿ. ರಟ್ಟಿನ ಮೇಲೆ ಎಣ್ಣೆಯ ಗೆರೆ ಬೀಳಬೇಕು.

ಪ್ರಶ್ನೆ (ಮಂಗಳೂರಿನಿಂದ):
ನಮ್ಮದು ಪೇಟೆಯ ಮನೆ. ಹಿತ್ತಲಿನಲ್ಲಿ ಒಂದು ಮಾವು, ಎರಡು ತೆಂಗು ಅಷ್ಟೇ. ವಿದ್ಯುತ್ತಿನ ಚೈನ್ ಸಾ ಸಾಕಾಗಬಹುದೇ?

ಉತ್ತರ:
ನಿಮಗೆ ಅದೇ ಸರಿ. ಶಬ್ದ ಕಡಿಮೆ, ಪೆಟ್ರೋಲಿನ ತಲೆಬಿಸಿ ಇಲ್ಲ. 2000 ವ್ಯಾಟಿನ ಯಂತ್ರ ಸುಮಾರು 9 ಆಂಪಿಯರ್ ಎಳೆಯುತ್ತದೆ. ಹಾಗಾಗಿ ದೊಡ್ಡ ಪ್ಲಗ್ ಪಾಯಿಂಟ್, 2.5 ಚದರ ಮಿಲಿಮೀಟರಿನ ಮೂರು ತಂತಿಯ ಕೇಬಲ್ ಬೇಕು. ದೀಪಾವಳಿಗೆ ಲೈಟು ಹಾಕುವ ತೆಳು ವೈರಿನಲ್ಲಿ ಮೋಟರ್ ಸುಡುತ್ತದೆ. ಒದ್ದೆ ನೆಲದಲ್ಲಿ, ಮಳೆ ಹನಿಯುವಾಗ ಮುಟ್ಟಲೇಬೇಡಿ. ತೆಂಗಿನ ಕಾಂಡ ಹೊರಗಿನಿಂದ ಬಲು ಗಟ್ಟಿ, ಅದರ ನಾರು ಸ್ಪ್ರಾಕೆಟಿನ ಮುಚ್ಚಳದೊಳಗೆ ತುಂಬಿಕೊಳ್ಳುತ್ತದೆ, ಹಲ್ಲು ಬಹು ಬೇಗ ಮೊಂಡಾಗುತ್ತದೆ. ತೆಂಗು ಕೊಯ್ಯುವ ದಿನ ಹಲ್ಲು ಹರಿತ ಮಾಡುವ ಅರ ಜೊತೆಯಲ್ಲೇ ಇರಲಿ.

ಪ್ರಶ್ನೆ (ಕಾರ್ಕಳದಿಂದ, ಮತ್ತೆ):
ಅರ ಹಾಕುವುದು ನಮ್ಮಿಂದ ಆಗುವ ಕೆಲಸವೇ ಅಣ್ಣ? ಪ್ರತಿ ಸಲ ಅಂಗಡಿಗೆ ತರಬೇಕೇ?

ಉತ್ತರ:
ಖಂಡಿತ ಆಗುತ್ತದೆ, ಕಲಿಯಲೇಬೇಕು. ಯಂತ್ರ ಒಳ್ಳೆಯದಲ್ಲ ಎಂದು ದೂರು ತರುವವರಲ್ಲಿ ಬಹಳ ಮಂದಿಯ ಚೈನ್ ಮೊಂಡಾಗಿರುತ್ತದೆ, ಯಂತ್ರ ಸರಿಯಾಗಿಯೇ ಇರುತ್ತದೆ.

ಬೀಳುವ ಹುಡಿಯನ್ನು ಅಂಗೈಯಲ್ಲಿ ಹಿಡಿದು ನೋಡಿ. ಹರಿತವಾದ ಚೈನ್ ತೆಂಗಿನ ತುರಿಯ ಹಾಗೆ ಚಕ್ಕೆ ಎಸೆಯುತ್ತದೆ. ಮೊಂಡಾದದ್ದು ರಾಗಿ ಹಿಟ್ಟಿನಂತಹ ನುಣ್ಣನೆಯ ಹುಡಿ ಉದುರಿಸುತ್ತದೆ, ಕೊಯ್ದಲ್ಲಿ ಹೊಗೆ ಬರುತ್ತದೆ, ನೀವು ಒತ್ತಲು ಶುರು ಮಾಡುತ್ತೀರಿ. ಒತ್ತಬೇಕಾಗಿ ಬಂತೆಂದರೆ ನಿಲ್ಲಿಸಿ. ಹರಿತವಾದ ಚೈನಿಗೆ ಯಂತ್ರದ ತೂಕವೇ ಸಾಕು.

ದುಂಡನೆಯ ಅರ ಬೇಕು. 0.325 ಚೈನಿಗೆ 4.8 ಮಿಲಿಮೀಟರಿನದು, ಚಿಕ್ಕ ಯಂತ್ರಗಳ ತೆಳು ಚೈನಿಗೆ 4 ಮಿಲಿಮೀಟರಿನದು. ಬ್ರೇಕ್ ಹಾಕಿ, ಹಲ್ಲಿನ ಮೇಲೆ ಕೊರೆದಿರುವ ಗೆರೆಗೆ ಸರಿಯಾಗಿ ಅರ ಹಿಡಿಯಿರಿ. ಸಾಮಾನ್ಯ ಚೈನಿಗೆ ಅದು 30 ಡಿಗ್ರಿ. ಒಳಗಿನಿಂದ ಹೊರಕ್ಕೆ ಮಾತ್ರ ಉಜ್ಜಬೇಕು, ವಾಪಸು ತರುವಾಗ ಎತ್ತಬೇಕು. ಒಂದೊಂದು ಹಲ್ಲಿಗೂ ಒಂದೇ ಲೆಕ್ಕ, ಮೂರಾದರೆ ಎಲ್ಲಕ್ಕೂ ಮೂರು. ಒಂದು ಬದಿಯ ಹಲ್ಲು ಗಿಡ್ಡವಾದರೆ ಬಾರ್ ಓರೆಯಾಗಿ ಹೋಗುತ್ತದೆ. ನಾಲ್ಕೈದು ಸಲ ಅರ ಹಾಕಿದ ಮೇಲೆ ಹಲ್ಲಿನ ಮುಂದಿರುವ ಗುಬಟನ್ನೂ ಚಪ್ಪಟೆ ಅರದಿಂದ ಇಳಿಸಬೇಕು. ಹಲ್ಲಿಗಿಂತ ಅದು ಸುಮಾರು 0.65 ಮಿಲಿಮೀಟರ್ ತಗ್ಗಿನಲ್ಲಿರಬೇಕು, ಅದಕ್ಕೊಂದು ಗೇಜು ಸಿಗುತ್ತದೆ. ಕಣ್ಣಂದಾಜಿನಲ್ಲಿ ಹೆಚ್ಚು ಇಳಿಸಿದರೆ ಚೈನ್ ಮರವನ್ನು ಕಚ್ಚಿ ಎಳೆಯುತ್ತದೆ, ಅದು ಅಪಾಯ.

ನಮ್ಮ ಊರಿನಲ್ಲಿ ಚೈನಿನ ದೊಡ್ಡ ಶತ್ರು ನೆಲವೇ. ಮುರಕಲ್ಲಿನ ಮಣ್ಣಿಗೆ ಒಂದು ಕ್ಷಣ ತಾಗಿದರೂ ಅರ್ಧ ಗಂಟೆಯ ಅರದ ಕೆಲಸ ಹೋಯಿತು. ನೆಲದ ಮೇಲೆ ಮಲಗಿದ ದಿಮ್ಮಿಯನ್ನು ಪೂರ್ತಿ ಕೊಯ್ಯಬೇಡಿ. ಮುಕ್ಕಾಲು ಕೊಯ್ದು, ಉರುಳಿಸಿ, ಮೇಲಿನಿಂದಲೇ ಮುಗಿಸಿ. ಸಣ್ಣ ಕಟ್ಟಿಗೆಗೆ ನಾಲ್ಕು ಗೂಟಗಳನ್ನು ಗುಣಾಕಾರದ ಚಿಹ್ನೆಯಂತೆ ಜೋಡಿಸಿ ಒಂದು ಆಸರೆ ಮಾಡಿಕೊಳ್ಳಿ. ಬೇಲಿಯ ಬದಿಯ ಮರವಾದರೆ ಮೊದಲು ಮುಳ್ಳುತಂತಿ, ಮೊಳೆ ಹುಡುಕಿ. ಹಳೆಯ ತಂತಿಯನ್ನು ಮರ ನುಂಗಿರುತ್ತದೆ, ತೊಗಟೆಯ ಮೇಲೆ ಅಡ್ಡಗೆರೆ ಮಾತ್ರ ಕಾಣುತ್ತದೆ.

ಪ್ರಶ್ನೆ (ಹೆಬ್ರಿಯಿಂದ):
ಗುಡ್ಡೆಯಲ್ಲಿ ಒಣಗಿದ ಒಂದು ಚೇರೆ ಮರವಿದೆ. ಕಟ್ಟಿಗೆಗೆ ಆಗಬಹುದೇ? ಸ್ವಂತ ಜಾಗದ ಮರಕ್ಕೂ ಅನುಮತಿ ಬೇಕೇ?

ಉತ್ತರ:
ಚೇರೆಗೆ ಯಂತ್ರ ಹಿಡಿಯಬೇಡಿ ಅಕ್ಕ. ಕೊಡಲಿಯಲ್ಲಿ ಕಡಿದರೆ ಸೊನೆ ಕೈಗೆ ತಾಗೀತು, ಯಂತ್ರವಾದರೆ ಹುಡಿಯನ್ನು ಮುಖಕ್ಕೇ ಎರಚುತ್ತದೆ. ಮೈಯೆಲ್ಲ ಬೊಕ್ಕೆ ಎದ್ದು ಕಣ್ಣು ಮುಚ್ಚಿಹೋದವರನ್ನು ನಾನು ನೋಡಿದ್ದೇನೆ. ಒಲೆಗೂ ಬೇಡ, ಅದರ ಹೊಗೆಯೂ ಮೈಗೆ ಆಗುವುದಿಲ್ಲ.

ಅನುಮತಿಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ತೆಂಗು, ಗಾಳಿಮರ, ರಬ್ಬರ್ ಮೊದಲಾದ ಕೆಲವಕ್ಕೆ ವಿನಾಯಿತಿ ಇದೆ. ಉಳಿದದ್ದಕ್ಕೆ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಿಯೇ ಕಡಿಯಿರಿ.

ಪ್ರಶ್ನೆ (ಕಾರ್ಕಳದಿಂದ):
ಅಣ್ಣ, 45 ಸಿಸಿ, 16 ಇಂಚಿನದನ್ನೇ ತಂದೆವು. ಅರ್ಧ ಗಂಟೆ ಓಡಿಸುವಷ್ಟರಲ್ಲಿ ಹೊಸ ಚೈನ್ ಜೋತು ಬಿತ್ತು. ಹಾಳಾದದ್ದೇ ಕೊಟ್ಟಿದ್ದಾರೆಯೇ?

ಉತ್ತರ:
ಇಲ್ಲ, ಹೊಸ ಚೈನ್ ಮೊದಲ ದಿನ ಸ್ವಲ್ಪ ಉದ್ದವಾಗುತ್ತದೆ. ಯಂತ್ರ ನಿಲ್ಲಿಸಿ, ಕೈಗವಸು ಹಾಕಿಕೊಂಡು, ಬಾರಿನ ತುದಿ ಮೇಲೆತ್ತಿ ಬಿಗಿ ಮಾಡಿ. ಚೈನ್ ಬಾರಿನ ಕೆಳಬದಿಗೆ ತಾಗಿ ನಿಲ್ಲಬೇಕು, ಕೈಯಿಂದ ಎಳೆದರೆ ಸಲೀಸಾಗಿ ಜಾರಬೇಕು. ಬಿಸಿಯಲ್ಲಿ ಬಿಗಿ ಮಾಡಿದ್ದರೆ ಕೆಲಸ ಮುಗಿದ ಕೂಡಲೇ ಸಡಿಲಿಸಿ. ತಣಿದಾಗ ಚೈನ್ ಕುಗ್ಗುತ್ತದೆ, ಒಳಗಿನ ಬೇರಿಂಗಿಗೆ ಪೆಟ್ಟು.

ನಾನು ಮೊದಲೇ ಹೇಳಬೇಕಾಗಿದ್ದದ್ದನ್ನು ಈಗ ಹೇಳುತ್ತೇನೆ, ಅಪ್ಪನಿಗೂ ಓದಿ ಹೇಳಿ. ಬಾರಿನ ತುದಿಯನ್ನು ಗಡಿಯಾರದ ಮುಖ ಎಂದುಕೊಂಡರೆ 12ರಿಂದ 3ರವರೆಗಿನ ಭಾಗ, ಎಂದರೆ ತುದಿಯ ಮೇಲಿನ ಅರ್ಧ, ಯಾವುದಕ್ಕೂ ತಾಗಬಾರದು. ತಾಗಿದರೆ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ನಿಮ್ಮ ಮುಖದತ್ತ ಹಾರುತ್ತದೆ. ರಾಶಿ ಬಿದ್ದ ರೆಂಬೆಗಳ ನಡುವೆ ಕೊಯ್ಯುವಾಗಲೇ ಇದು ಆಗುವುದು. ಎಡಗೈಯ ಹೆಬ್ಬೆರಳು ಮುಂದಿನ ಹಿಡಿಯನ್ನು ಸುತ್ತಿಯೇ ಇರಲಿ, ಮುಖ ಬಾರಿನ ನೇರದಿಂದ ಬದಿಗಿರಲಿ, ಭುಜಕ್ಕಿಂತ ಮೇಲೆ ಎತ್ತಬೇಡಿ, ಏಣಿ ಹತ್ತಿ ಕೊಯ್ಯಲೇಬೇಡಿ. ಶುರು ಮಾಡುವಾಗ ಯಂತ್ರ ನೆಲದ ಮೇಲಿರಲಿ, ಬ್ರೇಕ್ ಹಾಕಿರಲಿ, ಹಿಂದಿನ ಹಿಡಿಯೊಳಗೆ ಬಲಗಾಲಿಟ್ಟು ಹಗ್ಗ ಎಳೆಯಿರಿ. ಮಡಚಿ ಕಟ್ಟಿದ ಪಂಚೆ, ಹವಾಯಿ ಚಪ್ಪಲಿಯಲ್ಲಿ ಈ ಕೆಲಸ ಬೇಡ. ದಪ್ಪ ಪ್ಯಾಂಟು, ಬೂಟು, ಕನ್ನಡಕ, ಕಿವಿಗೆ ಮುಚ್ಚಳ ಇಬ್ಬರಿಗೂ ಬೇಕು. ಯಂತ್ರಕ್ಕೆ ಹಣ ಕೊಟ್ಟಾಗಿದೆ, ಇದಕ್ಕೂ ಕೊಡಿ.

ಗೇರು, ಅಕೇಶಿಯಾವನ್ನು ಈಗಲೇ ತುಂಡು ಮಾಡಿ ಸೀಳಿಟ್ಟರೆ ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಒಣಗಿರುತ್ತದೆ. ಕೃಷ್ಣಮಠದ ಪರ್ಯಾಯಕ್ಕೆ ಮುಂಚೆ ಉಡುಪಿಯಲ್ಲಿ ಕಟ್ಟುವ ಕಟ್ಟಿಗೆ ರಥ ನೋಡಿದ್ದೀರಲ್ಲ, ಹಾಗೆ ಗಾಳಿಯಾಡುವಂತೆ ಒಂದರ ಮೇಲೊಂದು ಅಡ್ಡಡ್ಡ ಪೇರಿಸಿ. ಮೊದಲ ಸಲ ಅರ ಹಾಕುವ ಹೊತ್ತಿಗೆ ಯಂತ್ರ ತೆಗೆದುಕೊಂಡು ಬನ್ನಿ, ಅಪ್ಪನನ್ನೂ ಕರೆತನ್ನಿ. ಅರ್ಧ ಚೈನ್ ನಾನು ಹಾಕಿ ತೋರಿಸುತ್ತೇನೆ, ಉಳಿದರ್ಧ ನೀವಿಬ್ಬರೂ ಹಾಕಿ.