ಬಿಸಿನೀರಿನ ಬುಗ್ಗೆ ಇದ್ದಲ್ಲೆಲ್ಲ ಊರು ಯಾಕೆ ಬೆಳೆಯಲಿಲ್ಲ?

ಬಸವನಗುಡಿ_560004:
ಇಂಗ್ಲೆಂಡಿನ ಬಾತ್, ಬಿಹಾರದ ರಾಜಗೀರ್, ಹಿಮಾಚಲದ ಮಣಿಕರಣ್, ಮೂರೂ ಕಡೆ ಬಿಸಿನೀರಿನ ಬುಗ್ಗೆಯ ಮಗ್ಗುಲಲ್ಲೇ ಊರಿದೆ. ನಮ್ಮ ಪುತ್ತೂರು ತಾಲೂಕಿನ ಬೆಂದ್ರುತೀರ್ಥದ ಸುತ್ತ ಪೇಟೆ ಯಾಕೆ ಎದ್ದಿಲ್ಲ? ಇನ್ನೊಂದು ಪ್ರಶ್ನೆ: ಯಲಹಂಕ ಕಡೆ 1,200 ಅಡಿ ಬೋರಿನಲ್ಲಿ ಬೆಚ್ಚಗಿನ ನೀರು ಬಂದರೆ ಅದೂ ಬಿಸಿನೀರಿನ ಬುಗ್ಗೆಯೇನಾ?

ಕಲ್ಲುಬಂಡೆ:
ಬೋರಿನದ್ದು ಮೊದಲು ಮುಗಿಸೋಣ. ತಾನಾಗಿ ಉಕ್ಕಿದರೆ ಬುಗ್ಗೆ, ಮೋಟರ್ ಹಾಕಿ ಎತ್ತಿದರೆ ಬೋರು. ನಮ್ಮ ಕಡೆಯ ಬಂಡೆ ಬಲು ಹಳೆಯದು, ಶಾಖ ಕಡಿಮೆ. ಒಂದು ಕಿಲೋಮೀಟರ್ ಇಳಿದರೆ ಸುಮಾರು 12-15 ಡಿಗ್ರಿ ಏರುತ್ತದೆ, ಬೇರೆಡೆ 25-30. 1,200 ಅಡಿ ಅಂದರೆ 365 ಮೀಟರ್, ಏರುವುದು 4-5 ಡಿಗ್ರಿ. ಮೇಲಿನ ಅಂತರ್ಜಲ 25ರ ಆಸುಪಾಸು ಅಂತ ಹಿಡಿದರೂ 30 ದಾಟುವುದಿಲ್ಲ.

ಅಳೆಯುವಾಗ ಓವರ್‌ಹೆಡ್ ಟ್ಯಾಂಕಿನ ನಲ್ಲಿ ಬಿಡಬೇಡಿ, ಅಲ್ಲಿರುವುದು ಬಿಸಿಲಿನ ಶಾಖ. ಬೆಳಗ್ಗೆ ಅರ್ಧ ಗಂಟೆ ಪಂಪ್ ಓಡಿಸಿ, ಪೈಪಿನ ಬಾಯಲ್ಲೇ ಥರ್ಮಾಮೀಟರ್ ಹಿಡಿಯಿರಿ. 35ಕ್ಕೆ ಹೋದರೆ ಬುಗ್ಗೆ ಅಂತ ಖುಷಿಪಡುವ ಮೊದಲು ಮೋಟರ್ ನೋಡಿಸಿ. ನೀರು ಕಡಿಮೆಯಾದಾಗ ಸಬ್‌ಮರ್ಸಿಬಲ್ ತಣಿಯದೆ ಕಾದು, ಕೊನೆಗೆ ಕಾಯಿಲ್ ಸುಡುತ್ತದೆ.

ಹಳೇಶಾಸನ:
ಊರಿನ ವಿಷಯಕ್ಕೆ ಬಂದರೆ, ರಾಜಗೀರನ್ನು ಬುಗ್ಗೆ ಕಟ್ಟಲಿಲ್ಲ. ಸುತ್ತಲ ಬೆಟ್ಟಗಳೇ ಕೋಟೆ ಅಂತ ಮಗಧದ ರಾಜಧಾನಿ ಅಲ್ಲಿ ನಿಂತಿತು. ಬಿಸಿನೀರಿನ ತಪೋದ ಇದ್ದದ್ದು ಊರಬಾಗಿಲ ಆಚೆ. ಬೌದ್ಧ ಭಿಕ್ಷುಗಳ ನಿಯಮಗ್ರಂಥವಾದ ವಿನಯಪಿಟಕದ ಪ್ರಸಂಗ ಅದಕ್ಕೆ ಸಾಕ್ಷಿ: ಭಿಕ್ಷುಗಳು ಕತ್ತಲಾಗುವವರೆಗೂ ಮೀಯುತ್ತಿದ್ದರು, ಸರದಿ ಕಾದ ಬಿಂಬಿಸಾರ ರಾಜ ಮಿಂದು ಬರುವಷ್ಟರಲ್ಲಿ ಬಾಗಿಲು ಹಾಕಿತ್ತು, ರಾತ್ರಿ ಹೊರಗೇ ಕಳೆದ. ಹದಿನೈದು ದಿನಕ್ಕಿಂತ ಮೊದಲು ಮತ್ತೆ ಮೀಯಬಾರದೆಂಬ ನಿಯಮ ಹುಟ್ಟಿದ್ದು ಹೀಗೆ. ಬೇಸಿಗೆ, ಕಾಯಿಲೆ, ಪ್ರಯಾಣಕ್ಕೆಲ್ಲ ಆಮೇಲೆ ವಿನಾಯಿತಿ ಸಿಕ್ಕಿತು ಅನ್ನಿ.

ಬಾತ್ ಬೇರೆ ಥರ. ಅಲ್ಲಿ ದಿನಕ್ಕೆ ಸುಮಾರು 11.7 ಲಕ್ಷ ಲೀಟರ್, 46 ಡಿಗ್ರಿಯ ನೀರು. ರೋಮನ್ನರು ಕೆಸರಿನಲ್ಲಿ ಓಕ್ ಮರದ ಗೂಟ ಹೊಡೆದು ನೆಲ ಗಟ್ಟಿ ಮಾಡಿ, ಬುಗ್ಗೆಯ ಸುತ್ತ ಕಲ್ಲುತೊಟ್ಟಿ ಕಟ್ಟಿ ಸೀಸದ ತಗಡು ಹೊದಿಸಿದರು. ಮರಳು ತೊಟ್ಟಿಯಲ್ಲಿ ತಂಗುತ್ತದೆ, ತಿಳಿನೀರು ಸ್ನಾನದ ಕೊಳಕ್ಕೆ, ಹೆಚ್ಚಿನದು ಮೋರಿಯಲ್ಲಿ ಏವನ್ ನದಿಗೆ. ಆ ಮೋರಿ ಹೂಳು ತುಂಬಿದಾಗ ಇಡೀ ಕಟ್ಟಡ ಜೌಗಾಗಿ ಚಾವಣಿ ಕುಸಿಯಿತು. ನನ್ನ ಪ್ರಕಾರ ಬುಗ್ಗೆಯೂರು ನಿಲ್ಲುವುದು ಮೋರಿಯ ಮೇಲೆ, ಬಿಸಿಯ ಮೇಲಲ್ಲ.

ಮಣಿಕರಣ್‌ನಲ್ಲಿ ನೀರು ಕುದಿಯುವಷ್ಟು ಹತ್ತಿರ. ಅಕ್ಕಿ, ಬೇಳೆಯ ಪಾತ್ರೆಗಳನ್ನು ಬುಗ್ಗೆಯಲ್ಲೇ ಇಟ್ಟು ಲಂಗರಿಗೆ, ಅಂದರೆ ಗುರುದ್ವಾರದ ಉಚಿತ ಊಟಕ್ಕೆ, ಬೇಯಿಸುತ್ತಾರೆ. ಮೀಯಬೇಕಾದರೆ ತಣ್ಣೀರು ಬೆರೆಸಲೇಬೇಕು. ಪಕ್ಕದಲ್ಲೇ ಪಾರ್ವತಿ ನದಿ ಇರುವುದು ಭಾಗ್ಯ.

ಇರ್ದೆಯಾಚೆ:
ಬೆಂದ್ರ್ ಅಂದರೆ ತುಳುವಿನಲ್ಲಿ ಬಿಸಿನೀರು. (ಬೆಂದಕಾಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ.) ಇರ್ದೆ ಗ್ರಾಮದ ಸೀರೆ ಹೊಳೆಯ ದಂಡೆಯಲ್ಲಿರುವ ಕಟ್ಟೆ ಕಟ್ಟಿದ ಕೊಳ ಅದು. ಶಾಖ 40 ಡಿಗ್ರಿ ಆಸುಪಾಸು, ಗಂಧಕದ ವಾಸನೆ. ಮೀಯಲು ಹಿತ, ಆದರೆ ಬಾತ್‌ನ ಹರಿವಿಗೆ ಹೋಲಿಸುವ ಹಾಗೇ ಇಲ್ಲ. ಪೇಟೆ ಸಾಕುವಷ್ಟು ನೀರಿಲ್ಲ, ಪೇಟೆ ಆಗಲೇ ಪುತ್ತೂರಿನಲ್ಲಿತ್ತು. ಮಳೆನೀರು ಬಿರುಕಿನಲ್ಲಿ ಆಳಕ್ಕಿಳಿದು ಕಾದು, ತಣಿಯುವ ಮುಂಚೆ ಮೇಲೆ ಬಂದರಷ್ಟೇ ಬುಗ್ಗೆ. ಅದೇ ಬಿರುಕಿಗೆ ಸುತ್ತಮುತ್ತ ಬೋರು ಕೊರೆದರೆ ಒತ್ತಡ ಇಳಿದು ಬೇಸಿಗೆಯಲ್ಲಿ ಕೊಳ ಸೊರಗುತ್ತದೆ.

ಬಸವನಗುಡಿ_560004:
ಕೊಳದಲ್ಲಿ ಮುಳುಗಿ ಏಳಬಹುದಾ?

ಕಲ್ಲುಬಂಡೆ:
ಕುತ್ತಿಗೆವರೆಗೆ ಸಾಕು. ಬೆಚ್ಚಗಿನ ಸಿಹಿನೀರಿನಲ್ಲಿ ನೇಗ್ಲೇರಿಯಾ ಅಮೀಬಾ ಇರಬಹುದು, ಮೂಗಿನ ಮೂಲಕ ಮಿದುಳಿಗೆ ಹೋಗುತ್ತದೆ. ಬಾತ್‌ನಲ್ಲಿ 1978ರಲ್ಲಿ ಒಬ್ಬ ಹುಡುಗಿ ಇದರಿಂದಲೇ ಸತ್ತು ಸ್ನಾನ ನಿಂತಿತು. ಹೊಸ ಸ್ನಾನಗೃಹ ತೆರೆದದ್ದು 2006ರಲ್ಲಿ. ಬೆಳ್ಳಿ ಉಂಗುರ ಇದ್ದರೆ ತೆಗೆದಿಡಿ, ಗಂಧಕಕ್ಕೆ ಕಪ್ಪಾಗುತ್ತದೆ.