ಎರಡನೇ ರಾಡ್ ಯಾವುದು ತಗೊಳ್ಳಲಿ? ಕ್ರ್ಯಾಂಕ್‌ಬೇಟ್‌ನಲ್ಲಿ ಬ್ಯಾಸ್ ನಿಲ್ತಾನೇ ಇಲ್ಲ

ಒಂಟಿಗಾಳ:

ಎಲ್ಲರಿಗೂ ನಮಸ್ಕಾರ. ಲಾರ್ಜ್‌ಮೌತ್ ಬ್ಯಾಸ್ ಅನ್ನೋ ಸಿಹಿನೀರಿನ ಮೀನಿನ ಹುಚ್ಚು ಹಿಡಿದು ಎರಡು ವರ್ಷ ಆಯ್ತು. ನನ್ನ ಹತ್ರ ಇರೋದು ಒಂದೇ ರಾಡ್: 7 ಅಡಿ, ಮೀಡಿಯಮ್ ಹೆವಿ ಪವರ್, ಫಾಸ್ಟ್ ಆಕ್ಷನ್. ಅದಕ್ಕೆ ಬೇಟ್‌ಕಾಸ್ಟಿಂಗ್ ರೀಲ್, 40 ಪೌಂಡಿನ ಬ್ರೇಡ್ (ಹೆಣೆದ) ದಾರ. ತಗೊಳ್ಳೋವಾಗ ‘ಇದೊಂದಿದ್ರೆ ಸಾಕು, ಎಲ್ಲದಕ್ಕೂ ಆಗುತ್ತೆ’ ಅಂದಿದ್ರು. ಜಿಗ್‌ಗೆ (ಭಾರದ ತಲೆಯ ಕೊಕ್ಕೆ), ಟೆಕ್ಸಾಸ್ ರಿಗ್‌ಗೆ (ಕೊಕ್ಕೆಗೆ ಸಿಕ್ಕಿಸಿದ ರಬ್ಬರ್ ಹುಳ) ನಿಜವಾಗ್ಲೂ ಚೆನ್ನಾಗಿದೆ, ಸುಳ್ಳು ಹೇಳಲ್ಲ. ಜೊಂಡಿನ ಮಧ್ಯದಿಂದ ಮೀನು ಎಳೆದು ತಂದಿದ್ದೀನಿ.

ತೊಂದರೆ ಕ್ರ್ಯಾಂಕ್‌ಬೇಟ್‌ನಲ್ಲಿ, ಅಂದ್ರೆ ದಾರ ಸುತ್ತಿದ ಹಾಗೆ ನೀರೊಳಗೆ ಮುಳುಗಿ ಓಡೋ ಮೀನಿನಾಕಾರದ ಲೂರ್‌ನಲ್ಲಿ (ಕೃತಕ ಬೇಟೆ). ಹೋದ ತಿಂಗಳು ಒಂದು ಬೆಳಿಗ್ಗೆ 7 ಮೀನು ಕಚ್ಚಿದ್ವು, ದೋಣಿಗೆ ಬಂದಿದ್ದು 2. ನಾಲ್ಕು ಅರ್ಧ ದಾರೀಲಿ ಕಳಚಿಕೊಂಡ್ವು. ಇನ್ನೊಂದು ಕೈಗೆ ಸಿಗೋಷ್ಟು ಹತ್ರ ಬಂದು, ಮೇಲೆ ಹಾರಿ ತಲೆ ಕೊಡವಿ ಲೂರನ್ನ ನನ್ನ ಟೋಪಿಗೇ ಎಸೆದು ಹೋಯ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋದು ಇದಕ್ಕೇ ಇರ್ಬೇಕು. ಲೂರ್ ಸರಿ ಇಲ್ಲ ಅಂತ ಮೂರು ಸಲ ಬದಲಾಯಿಸಿದೆ, ಬಣ್ಣ ಬದಲಾಯಿಸಿದೆ. ಅದೇ ಕಥೆ.

ಇನ್ನೊಂದು, ನೀರು ತಿಳಿಯಾಗಿದ್ದಾಗ ನೆಡ್ ರಿಗ್ (ಹಗುರ ಭಾರದ ತಲೆಗೆ ಸಿಕ್ಕಿಸಿದ ಚಿಕ್ಕ ರಬ್ಬರ್ ಹುಳ) ಹಾಕಿ ಅಂತ ಎಲ್ಲರೂ ಹೇಳ್ತಾರೆ. 1/8 ಔನ್ಸಿನ ತಲೆ ಕಟ್ಟಿ ಎಸೆದ್ರೆ ಕಾಲ ಬುಡದಲ್ಲೇ ಬೀಳುತ್ತೆ, ರೀಲ್ ತುಂಬ ಸಿಕ್ಕು. ಆಮೇಲೆ ಅರ್ಧ ಗಂಟೆ ದಾರ ಬಿಡಿಸೋದೇ ಕೆಲಸ.

ಕ್ಯಾಟಲಾಗ್ ತೆಗೆದ್ರೆ ಫ್ರಾಗ್ ರಾಡ್, ಜರ್ಕ್‌ಬೇಟ್ ರಾಡ್, ಡ್ರಾಪ್ ಶಾಟ್ ರಾಡ್, ಫ್ಲಿಪ್ಪಿಂಗ್ ರಾಡ್ ಅಂತ ಒಂದೊಂದಕ್ಕೂ ಒಂದೊಂದು. ತಲೆ ತಿರುಗುತ್ತೆ. ಈ ವರ್ಷ ತಗೊಳ್ಳೋಕೆ ಆಗೋದು ಒಂದೇ. ಯಾವುದು?

ಬೆಂಡು:

ನಾನೂ ‘ಎರಡನೇ ರಾಡ್ ಯಾವುದು’ ಅಂತಲೇ ಕೇಳಿ ಶುರು ಮಾಡಿದ್ದು. ಈಗ ಹನ್ನೊಂದಿದೆ. ಮನೇಲಿ ಆರು ಅಂತ ಹೇಳಿದ್ದೀನಿ. ಹುಷಾರು.

ತಮಾಷೆ ಬಿಡಿ, ಡ್ರ್ಯಾಗ್, ಅದೇ ಮೀನು ಎಳೆದಾಗ ದಾರ ಬಿಡೋ ರೀಲಿನ ಬ್ರೇಕು, ಎಷ್ಟು ಬಿಗಿ ಇಟ್ಟಿದ್ದೀರಿ?

ಒಂಟಿಗಾಳ:

ಡ್ರ್ಯಾಗ್ ಪೂರ್ತಿ ಬಿಗಿ. ಜಿಗ್‌ಗೆ ಹಾಗೇ ಇಡಿ ಅಂದಿದ್ರು, ಆಮೇಲೆ ಮುಟ್ಟೇ ಇಲ್ಲ.

ಹಳೇರೀಲು:

ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಗಿದೆ ನಿಮ್ಮ ಕೆಲಸ. ಲೂರ್‌ದು ಏನೂ ತಪ್ಪಿಲ್ಲ, ಪಾಪ.

ಯಾವ ರಾಡ್ ತಗೊಳ್ಳಲಿ ಅಂತ ಯಾರು ಕೇಳಿದ್ರೂ ನಾನು ವಾಪಸ್ ಕೇಳೋದು ಒಂದೇ: ದಾರದ ತುದೀಲಿ ಯಾವ ಕೊಕ್ಕೆ ಕಟ್ತೀರಿ? ಮೀನು ಎಷ್ಟು ದೊಡ್ಡದು ಅಂತ ಕೇಳೋದೇ ಇಲ್ಲ. ಮೀನು ಅದೇ ಮೀನು. ಅದರ ಬಾಯಿಗೆ ಕೊಕ್ಕೆ ಹೇಗೆ ಇಳೀಬೇಕು, ಇಳಿದ ಮೇಲೆ ಹೇಗೆ ನಿಲ್ಲಬೇಕು, ರಾಡ್ ಬದಲಾಗೋದು ಇದರ ಮೇಲೆ.

ನಿಮ್ಮ ಟೆಕ್ಸಾಸ್ ರಿಗ್ ತಗೊಳ್ಳಿ. 3/0, 4/0 ಗಾತ್ರದ ಒಂಟಿ ಕೊಕ್ಕೆ, ದಪ್ಪ ತಂತಿ, ಮೊನೆ ರಬ್ಬರ್ ಹುಳದೊಳಗೆ ಅಡಗಿರುತ್ತೆ. ಅದು ಮೊದಲು ಹುಳ ಸೀಳಬೇಕು, ಆಮೇಲೆ ಬ್ಯಾಸ್‌ನ ಗಟ್ಟಿ ಮೇಲ್ದವಡೆ ಚುಚ್ಚಬೇಕು. ಅದಕ್ಕೆ ನೀವು ಬಲವಾಗಿ ಎಳೀಲೇಬೇಕು, ರಾಡ್ ಆ ಬಲಾನ ತಿಂದುಹಾಕದೆ ಕೊಕ್ಕೆಗೆ ಮುಟ್ಟಿಸ್ಬೇಕು. ಮೀಡಿಯಮ್ ಹೆವಿ ಫಾಸ್ಟ್ ಇರೋದೇ ಅದಕ್ಕೆ. ಫ್ರಾಗ್, ಅಂದ್ರೆ ಕಪ್ಪೆಯಾಕಾರದ ಲೂರ್, ಇದಕ್ಕಿಂತ ಒರಟು. ಎರಡು ದಪ್ಪ ಕೊಕ್ಕೆ, ಟೊಳ್ಳು ಮೈ ಚಪ್ಪಟೆಯಾದ್ರೇನೇ ಮೊನೆ ಹೊರಗೆ ಬರೋದು, ಮೀನಿನ ಜೊತೆ ಬುಟ್ಟಿಗಟ್ಟಲೆ ಪಾಚಿ ಬೇರೆ ಬರುತ್ತೆ. ಅಲ್ಲಿಗೆ 7 ಅಡಿ 3 ಇಂಚಿನ ಆಸುಪಾಸಿನ ಹೆವಿ ರಾಡ್, 50ರಿಂದ 65 ಪೌಂಡಿನ ಬ್ರೇಡ್.

ಈಗ ಕ್ರ್ಯಾಂಕ್‌ಬೇಟ್ ಕೈಗೆ ತಗೊಂಡು ನೋಡಿ. ಎರಡು ಟ್ರೆಬಲ್ ಕೊಕ್ಕೆ, ಒಟ್ಟು ಆರು ಮೊನೆ, ತಂತಿ ತೆಳ್ಳಗೆ. ಓಡ್ತಿರೋ ಲೂರನ್ನ ಮೀನು ಕಚ್ಚಿ ತಿರುಗಿದ ಕೂಡಲೇ ಅವು ತಾವಾಗೇ ಚುಚ್ಚಿಕೊಳ್ತವೆ. ನೀವು ಮಾಡ್ಬೇಕಾದ್ದು ಏನೂ ಇಲ್ಲ. ಅಲ್ಲ, ಒಂದಿದೆ: ಹಾಳು ಮಾಡದೇ ಇರೋದು. ನೀವೇನು ಮಾಡ್ತಿದ್ದೀರಿ? ಗಟ್ಟಿ ರಾಡ್, ಒಂಚೂರೂ ಹಿಗ್ಗದ ಬ್ರೇಡ್, ಬಿಗಿ ಡ್ರ್ಯಾಗ್, ಅದರ ಮೇಲೆ ಜಿಗ್‌ಗೆ ಎಳೆದ ಹಾಗೆ ಒಂದು ಎಳೆತ! ತೆಳು ತಂತಿ ಸಣ್ಣ ತೂತು ಮಾಡಿರುತ್ತೆ, ನೀವು ಅದನ್ನ ಹರಿದು ಅಗಲ ಮಾಡ್ತೀರಿ. ಮೀನು ಹಾರಿ ತಲೆ ಕೊಡವಿದಾಗ ಗಟ್ಟಿ ರಾಡ್ ಅದರ ಹಿಂದೆ ಬಾಗಿ ಏಳಲ್ಲ, ಒಂದು ಕ್ಷಣ ದಾರ ಸಡಿಲ. ಟೋಪಿಗೆ ಲೂರ್ ಬಂದಿದ್ದು ಆ ಕ್ಷಣದಲ್ಲಿ.

ಇನ್ನೂ ಒಂದಿದೆ, ಇದನ್ನ ಜನ ಗಮನಿಸೋದು ಕಮ್ಮಿ. ಬ್ಯಾಸ್ ಬೇಟೆಯನ್ನ ಬರೀ ಹಲ್ಲಲ್ಲಿ ಕಚ್ಚಲ್ಲ, ಬಾಯಿ ಅಗಲಿಸಿ ನೀರಿನ ಸಮೇತ ಒಳಗೆ ಎಳ್ಕೊಳ್ಳುತ್ತೆ. ತುದಿ ಮೆತ್ತಗಿದ್ರೆ ಲೂರ್ ಒಳಗೆ ಹೋಗೋಕೆ ಅಷ್ಟು ಎಡೆ ಸಿಗುತ್ತೆ. ಗಟ್ಟಿ ಇದ್ರೆ ಲೂರ್ ತುಟಿ ಹತ್ರಾನೇ ನಿಲ್ಲುತ್ತೆ, ಒಂದೇ ಮೊನೆ ಚರ್ಮಕ್ಕೆ ತಾಗಿರುತ್ತೆ.

ಅಂಗಡೀಲಿ ಎಲ್ಲರೂ ಗೊಂದಲ ಮಾಡ್ಕೊಳ್ಳೋ ಎರಡು ಮಾತು, ಪವರ್ ಮತ್ತೆ ಆಕ್ಷನ್. ಪವರ್ ಅಂದ್ರೆ ಬಗ್ಗಿಸೋಕೆ ಎಷ್ಟು ಬಲ ಬೇಕು ಅಂತ. ಆಕ್ಷನ್ ಅಂದ್ರೆ ಎಲ್ಲಿಂದ ಬಗ್ಗುತ್ತೆ ಅಂತ. ಫಾಸ್ಟ್ ಆದ್ರೆ ತುದಿಯ ಮೂರನೇ ಒಂದು ಭಾಗ ಬಗ್ಗುತ್ತೆ, ಬುಡ ಒಣ ಬಿದಿರು. ಮಾಡರೇಟ್ ಆದ್ರೆ ಹಸಿ ಬಿದಿರಿನ ಹಾಗೆ ನಡುವಿನ ತನಕ ಬಾಗುತ್ತೆ. ನಿಮಗೆ ಕ್ರ್ಯಾಂಕ್‌ಬೇಟ್‌ಗೆ ಬೇಕಾಗಿರೋದು ಪವರ್ ಇಳಿಸೋದಕ್ಕಿಂತ ಮುಖ್ಯವಾಗಿ ಆಕ್ಷನ್ ಇಳಿಸೋದು. ‘ಮೆತ್ತಗಿರೋದು ಕೊಡಿ’ ಅಂದ್ರೆ ಮೀಡಿಯಮ್ ಲೈಟ್ ಫಾಸ್ಟ್ ಕಟ್ಟಿ ಕೊಡ್ತಾರೆ. ಅದು ಬೇರೇನೇ ಜಾತಿ.

ನನ್ನ ಹತ್ರ ಒಂದು ಹಳೇ ಫೈಬರ್ ಗ್ಲಾಸ್ ರಾಡ್ ಇದೆ. ಭಾರ ಅಂದ್ರೆ ಒನಕೆ. ಅದನ್ನ ದೋಣಿಗೆ ಹಾಕಿದ ದಿನ ಜೊತೆಗಿದ್ದ ಗೆಳೆಯ ನಕ್ಕಿದ್ದ. ಅವನದು ಹೊಸ ಗ್ರಾಫೈಟ್, ಗರಿ ಎತ್ತಿದ ಹಾಗೆ ಹಗುರ. ಇಬ್ಬರದೂ ಒಂದೇ ಡಬ್ಬಿಯ ಕ್ರ್ಯಾಂಕ್‌ಬೇಟ್, ಒಂದೇ ಬಣ್ಣ. ಅವನಿಗೂ ನನ್ನಷ್ಟೇ ಕಚ್ಚಿದ್ವು. ಮಧ್ಯಾಹ್ನದ ಹೊತ್ತಿಗೆ ನಾನು 9 ಹಿಡಿದು ಬಿಟ್ಟಿದ್ದೆ, ಅವನು 3. ಊಟ ಆದ ಮೇಲೆ ‘ಸ್ವಲ್ಪ ಆ ಒನಕೆ ಕೊಡು’ ಅಂದ. ಹಾಗಂತ ಗ್ಲಾಸ್‌ನಲ್ಲಿ ಜಿಗ್ ಆಡೋಕೆ ಹೋಗ್ಬೇಡಿ. ಮೀನು ಮುಟ್ಟಿ ಬಿಟ್ಟಿದ್ದು ಕೈಗೆ ಗೊತ್ತೇ ಆಗಲ್ಲ, ಕಂಬಳಿ ಹೊದ್ದು ಕೈಕುಲುಕಿದ ಹಾಗಿರುತ್ತೆ. ಗ್ಲಾಸ್, ಗ್ರಾಫೈಟ್ ಎರಡೂ ಬೆರೆಸಿದ ಕಾಂಪೊಸಿಟ್ ರಾಡ್ ಬರುತ್ತೆ, ಅದು ಒಂಥರಾ ರಾಜಿ.

ಉದ್ದದ ವಿಷಯ ಚಿಕ್ಕದು. ಆಳಕ್ಕೆ ಮುಳುಗೋ ಕ್ರ್ಯಾಂಕ್‌ಬೇಟ್‌ಗೆ ಏಳೂವರೆ ಅಡಿ, ದೂರ ಎಸೆದಷ್ಟೂ ಅದು ಆಳದಲ್ಲಿ ಹೆಚ್ಚು ಹೊತ್ತು ಓಡುತ್ತೆ. ಮರದ ಬೊಡ್ಡೆ ಪಕ್ಕ ಗುರಿಯಿಟ್ಟು ಎಸೆಯೋ ಚಿಕ್ಕದಕ್ಕೆ 7 ಅಡಿ ಸಾಕು. ಜರ್ಕ್‌ಬೇಟ್‌ಗೆ ಇನ್ನೂ ಗಿಡ್ಡ, 6 ಅಡಿ 8 ಇಂಚು ಅಂದ್ಕೊಳ್ಳಿ, ಯಾಕಂದ್ರೆ ತುದೀನ ಕೆಳಗೆ ಮಾಡಿ ಜಗ್ಗಬೇಕು, ಉದ್ದ ಇದ್ರೆ ತುದಿ ನೀರಿಗೆ ಬಡಿಯುತ್ತೆ, ಸಂಜೆ ಮಣಿಕಟ್ಟು ನೋವು. ಫ್ಲಿಪ್ಪಿಂಗ್‌ಗೆ ಉಲ್ಟಾ. 1970ರ ದಶಕದಲ್ಲಿ ಅದನ್ನ ಹೆಸರುವಾಸಿ ಮಾಡಿದ ಕ್ಯಾಲಿಫೋರ್ನಿಯಾದ ಡೀ ಥಾಮಸ್ ಶುರು ಮಾಡಿದ್ದೇ ಏಣಿಯಂಥ ಉದ್ದದ ಕೋಲಿನಲ್ಲಿ, ಜೊಂಡಿನ ಸಂದಿಗೆ ಜಿಗ್ ಇಳಿಸೋಕೆ. ಇವತ್ತಿಗೂ ಫ್ಲಿಪ್ಪಿಂಗ್ ರಾಡ್ ಏಳೂವರೆ ಅಡಿಗಿಂತ ಕಮ್ಮಿ ಇರೋದು ಅಪರೂಪ.

ನನ್ನ ತೀರ್ಪು: 7 ಅಡಿ 2 ಇಂಚಿನ ಆಸುಪಾಸು, ಮೀಡಿಯಮ್ ಪವರ್, ಮಾಡರೇಟ್ ಆಕ್ಷನ್, ಕಾಂಪೊಸಿಟ್.

ಸಣ್ಣದಾರ:

ಹಳೇರೀಲು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ತೀರ್ಪು ನಾನು ಒಪ್ಪುವುದಿಲ್ಲ ಮಾರಾಯ್ರೆ. ಒಂದೇ ರಾಡ್ ತೆಗೆದುಕೊಳ್ಳುವುದಾದರೆ ಸ್ಪಿನ್ನಿಂಗ್ ತೆಗೆದುಕೊಳ್ಳಿ.

ಎಂತಕ್ಕೆ ಅಂದರೆ, ಕ್ರ್ಯಾಂಕ್‌ಬೇಟಿನ ಸಮಸ್ಯೆಯನ್ನು ನಿಮ್ಮ ಹಳೇ ರಾಡಿನಲ್ಲೇ ಅರ್ಧಕ್ಕರ್ಧ ಸರಿ ಮಾಡಬಹುದು. ಬ್ರೇಡ್ ತೆಗೆದು 12 ಪೌಂಡಿನ ಮೊನೊಫಿಲಮೆಂಟ್ (ಒಂದೇ ಎಳೆಯ ನೈಲಾನ್ ದಾರ) ಸುತ್ತಿ. ಅದು ಹಿಗ್ಗುತ್ತದೆ, ರಾಡ್ ಬಾಗದಿದ್ದುದನ್ನು ದಾರ ಸ್ವಲ್ಪ ತುಂಬಿಕೊಡುತ್ತದೆ. ಡ್ರ್ಯಾಗನ್ನು ದಾರದ ಬಲದ ಕಾಲು ಭಾಗಕ್ಕೆ ಇಳಿಸಿ, ಅಂದರೆ 3 ಪೌಂಡ್. ಮೀನು ಕಚ್ಚಿದರೆ ಮೇಲಕ್ಕೆ ಹೊಡೆಯಬೇಡಿ. ಸುತ್ತುತ್ತಾ ಇರಿ, ರಾಡನ್ನು ಪಕ್ಕಕ್ಕೆ ಒರಗಿಸಿ, ಅಷ್ಟೇ.

ನೆಡ್ ರಿಗ್ಗಿಗೆ ಮಾತ್ರ ಇಂಥ ಒಳದಾರಿ ಇಲ್ಲ. ನಿಮ್ಮ ರಾಡಿನ ಹಿಡಿ ಮೇಲ್ಗಡೆ ಲೂರ್ ತೂಕ ಬರೆದದ್ದು ಉಂಟಲ್ಲ, ನೋಡಿ. ಹೆಚ್ಚಿನ ಮೀಡಿಯಮ್ ಹೆವಿಗಳಲ್ಲಿ 1/4ರಿಂದ 3/4 ಔನ್ಸ್, ಅಥವಾ 3/8ರಿಂದ 1 ಔನ್ಸ್ ಅಂತ ಇರುತ್ತದೆ. 1/8 ಔನ್ಸ್ ಅಂದರೆ ಮೂರೂವರೆ ಗ್ರಾಮ್. ರಬ್ಬರ್ ಸೇರಿಸಿದರೂ ಆ ರಾಡಿಗೆ ತುದಿಯಲ್ಲಿ ಏನೋ ಉಂಟು ಅಂತಲೇ ಗೊತ್ತಾಗುವುದಿಲ್ಲ. ರಾಡ್ ಬಾಗಿ ಚಿಮ್ಮಬೇಕು, ಬಾಗಲಿಕ್ಕೆ ಭಾರ ಬೇಕು. ಮೇಲಿಂದ ಬೇಟ್‌ಕಾಸ್ಟಿಂಗ್ ರೀಲಿನ ಉರುಳೆಯನ್ನು ತಿರುಗಿಸುವುದೂ ಆ ಲೂರೇ. ಮೂರೂವರೆ ಗ್ರಾಮ್ ಎಷ್ಟಂತ ಎಳೆದೀತು? ಸ್ಪಿನ್ನಿಂಗ್ ರೀಲಿನಲ್ಲಿ ಉರುಳೆ ತಿರುಗುವುದೇ ಇಲ್ಲ, ದಾರ ಅಂಚಿನ ಮೇಲಿಂದ ಜಾರಿ ಹೋಗುತ್ತದೆ.

7 ಅಡಿ, ಮೀಡಿಯಮ್ ಲೈಟ್ ಅಥವಾ ಮೀಡಿಯಮ್, ಫಾಸ್ಟ್ ಇಲ್ಲಾ ಎಕ್ಸ್‌ಟ್ರಾ ಫಾಸ್ಟ್. 10 ಪೌಂಡಿನ ಬ್ರೇಡ್, ತುದಿಗೆ 8 ಪೌಂಡಿನ ಫ್ಲೂರೊಕಾರ್ಬನ್ ಒಂದು ಆರೇಳು ಅಡಿ, ಎರಡನ್ನೂ ಡಬಲ್ ಯೂನಿ ಗಂಟಿನಿಂದ ಸೇರಿಸಿ. ಇದೊಂದರಲ್ಲಿ ನೆಡ್, ಡ್ರಾಪ್ ಶಾಟ್, ಶೇಕಿ ಹೆಡ್, ವ್ಯಾಕಿ ರಿಗ್, ಹಗುರ ರಬ್ಬರ್ ಹುಳದ ಈ ನಾಲ್ಕೂ ಬಗೆ ಆಗುತ್ತದೆ. ಇಲ್ಲಿ ಕೊಕ್ಕೆಯೂ ತೆಳ್ಳಗೆ, ಹೆಚ್ಚಿನವುಗಳಲ್ಲಿ ಮೊನೆ ಹೊರಗೇ ಇರುತ್ತದೆ, ಸುಮ್ಮನೆ ಬಿಗಿ ಹಿಡಿದರೆ ಇಳಿಯುತ್ತದೆ. ತೆಳು ಕೊಕ್ಕೆಗೆ ಫಾಸ್ಟ್ ಎಂತಕ್ಕೆ ಅಂತ ಕೇಳುತ್ತೀರಿ, ಗೊತ್ತು. ಕ್ರ್ಯಾಂಕ್‌ಬೇಟನ್ನು ಮೀನು ಓಡಿ ಬಂದು ಹೊಡೆಯುತ್ತದೆ, ಡ್ರಾಪ್ ಶಾಟನ್ನು ನಿಂತಲ್ಲೇ ಉಸಿರೆಳೆದ ಹಾಗೆ ಎಳೆದುಕೊಳ್ಳುತ್ತದೆ. ಆ ‘ಟಿಕ್’ ಕೈಗೆ ಬರಬೇಕಾದರೆ ಚುರುಕು ತುದಿ ಬೇಕು. ಮೆತ್ತಗೆ ಮಾಡುವ ಕೆಲಸವನ್ನು ಪವರ್ ನೋಡಿಕೊಳ್ಳುತ್ತದೆ.

ಹಳೇರೀಲು:

ಇದಕ್ಕೆ ಎದುರು ಮಾತಾಡೋಕೆ ಆಗ್ತಿಲ್ಲ. ಮೊನೊ ವಿಷಯ ನಾನು ಮೊದಲೇ ಹೇಳ್ಬೇಕಿತ್ತು. ಆದ್ರೂ ಒಂದು ಸಲ ಆ ಒನಕೇಲಿ ಎಸೆದು ನೋಡಿದ್ರೆ ನೀವೂ ನನ್ನ ಕಡೆಗೇ ಬರ್ತೀರಿ.

ಒಂಟಿಗಾಳ:

ಇಬ್ಬರಿಗೂ ತುಂಬ ಥ್ಯಾಂಕ್ಸ್. ಒಂದು ಭಯ ಇದೆ. ಮೀಡಿಯಮ್ ಲೈಟ್ ರಾಡ್‌ಗೆ ದೊಡ್ಡ ಮೀನು ಬಿದ್ರೆ ಮುರಿಯಲ್ವಾ?

ಹಳೇರೀಲು:

ಲಾರ್ಜ್‌ಮೌತ್‌ನಲ್ಲಿ ಪ್ರಪಂಚದ ದಾಖಲೆಯೇ 10 ಕಿಲೋ ಚಿಲ್ಲರೆ. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಹಿಡಿದದ್ದು, ಅದನ್ನ ಸರಿಗಟ್ಟಿದ್ದು 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ. 77 ವರ್ಷಕ್ಕೆ ಎರಡು ಮೀನು! ನಮ್ಮ ದಾರಕ್ಕೆ ಬೀಳೋದು ಒಂದು ಕಿಲೋ, ಎರಡು ಕಿಲೋ. ಡ್ರ್ಯಾಗ್ ಸರಿಯಾಗಿದ್ರೆ ಅದು ದಾರ ಎಳ್ಕೊಂಡು ಹೋಗುತ್ತೆ, ರಾಡ್ ಬಾಗ್ತಾ ಕೂತಿರುತ್ತೆ.

ಮೀನಿನಿಂದ ಮುರಿದ ರಾಡ್ ನಾನು ಕಂಡಿದ್ದು ಕಮ್ಮಿ. ನಂದು ಎರಡು ಮುರಿದಿವೆ. ಒಂದು ಕಾರಿನ ಬಾಗಿಲಿಗೆ ಸಿಕ್ಕಿ. ಇನ್ನೊಂದು, ಮನೆಯೊಳಗೆ ‘ಹೇಗಿದೆ ನೋಡೇ’ ಅಂತ ಬೀಸಿದೆ, ಮೇಲೆ ಫ್ಯಾನ್ ತಿರುಗ್ತಾ ಇತ್ತು. ನೀರಿನ ಹತ್ರ ಮುರಿಯೋದು ಬಹುತೇಕ ಒಂದೇ ಕಾರಣಕ್ಕೆ: ದೋಣಿ ಪಕ್ಕ ಮೀನು ಬಂದಾಗ ರಾಡನ್ನ ನೆಟ್ಟಗೆ ಆಕಾಶಕ್ಕೆ ಎತ್ತಿ ಮೀನು ಎಳೆಯೋದು. ಆಗ ಭಾರ ಎಲ್ಲಾ ತುದಿಯ ತೆಳು ಭಾಗಕ್ಕೆ ಬೀಳುತ್ತೆ. ಹಿಡಿ ತಗ್ಗಿಸಿ, ಮೀನನ್ನ ಬಲೆಯಿಂದ ಇಲ್ಲಾ ಕೆಳದವಡೆ ಹಿಡಿದು ಎತ್ತಿ.

ಬೆಂಡು:

ಫ್ಯಾನ್ ಕ್ಲಬ್‌ಗೆ ನಾನೂ ಸದಸ್ಯ.

ಒಂಟಿಗಾಳ:

ಎರಡು ವಾರ ಆದ ಮೇಲೆ ಬರೀತಿದ್ದೀನಿ. ಸ್ಪಿನ್ನಿಂಗ್ ರಾಡೇ ತಗೊಂಡೆ, 7 ಅಡಿ ಮೀಡಿಯಮ್ ಲೈಟ್ ಫಾಸ್ಟ್. ನೆಡ್ ರಿಗ್ ಈಗ ಕಾಲ ಬುಡ ಬಿಟ್ಟು ಕಣ್ಣಿಗೆ ಕಾಣೋಷ್ಟು ದೂರ ಹೋಗುತ್ತೆ. ಹಿಡಿದದ್ದು ಸದ್ಯಕ್ಕೆ ಅಂಗೈ ಉದ್ದದವು, ಆದ್ರೂ ಆ ‘ಟಿಕ್’ ಅನ್ನೋದು ಏನಂತ ಗೊತ್ತಾಯ್ತು.

ಹಳೇ ರಾಡ್‌ಗೆ 12 ಪೌಂಡ್ ಮೊನೊ ಸುತ್ತಿ, ಡ್ರ್ಯಾಗ್ ಇಳಿಸಿ, ಅದೇ ಜಾಗಕ್ಕೆ ಅದೇ ಕ್ರ್ಯಾಂಕ್‌ಬೇಟ್ ತಗೊಂಡು ಹೋಗಿದ್ದೆ. 6 ಕಚ್ಚಿದ್ವು, 4 ಬಂದ್ವು. ಮೊದಲ ಮೀನಿಗೆ ಅಭ್ಯಾಸಬಲದಿಂದ ಮೇಲಕ್ಕೆ ಹೊಡೆದೆ, ಅದು ಹೋಯ್ತು, ಅದು ನಂದೇ ತಪ್ಪು. ಎರಡನೇದು ಯಾಕೆ ಹೋಯ್ತು ಗೊತ್ತಾಗ್ಲಿಲ್ಲ. ಮನೆಗೆ ಬಂದು, ಹಳೇರೀಲು ಅವರು ಅಷ್ಟು ಸಲ ಕೊಕ್ಕೆ ಕೊಕ್ಕೆ ಅಂದಿದ್ದಾರಲ್ಲ ಅಂತ ಲೂರನ್ನ ದೀಪದ ಕೆಳಗೆ ಹಿಡಿದು ನೋಡಿದೆ. ಹಿಂದಿನ ಟ್ರೆಬಲ್‌ನ ಒಂದು ಮೊನೆ ಬಗ್ಗಿದೆ, ಇನ್ನೊಂದು ಮೊಂಡು. ಯಾವಾಗ ಆಯ್ತೋ ದೇವರಿಗೇ ಗೊತ್ತು.

ಹಳೇರೀಲು:

ಮೊನೇನ ಹೆಬ್ಬೆರಳ ಉಗುರಿನ ಮೇಲೆ ಹಗುರವಾಗಿ ಎಳೀರಿ. ಕಚ್ಚಿಕೊಂಡ್ರೆ ಚೂಪಿದೆ, ಜಾರಿದ್ರೆ ಮೊಂಡು. ಡಬ್ಬೀಲಿರೋ ಮಿಕ್ಕವನ್ನೂ ನೋಡಿಬಿಡಿ.